ಹೊಸ್ತಿಲಲ್ಲಿ ಹದಿನಾಲ್ಕು ಸೆಕೆಂಡು

ಶೆಫೀಲ್ಡಿನ ಗುಡ್ಡಗಳನ್ನು ಹತ್ತಿ ಇಳಿದು
ಮೂವತ್ತೊಂದು ವರ್ಷ ಕಾಗದ ಹಂಚಿದ ಕಾಲು
ನನ್ನ ಪ್ರಯೋಗಶಾಲೆಯ ಬಾಗಿಲಲ್ಲಿ
ನಿಂತುಬಿಟ್ಟಿತು.

ಒಳಗೆ ಬನ್ನಿ ಮಿಸ್ಟರ್ ಓಲ್ಡ್‌ರಾಯ್ಡ್, ಅಂದೆ.
ಬಂದೆ ಕಣಮ್ಮಾ, ಅಂದರು.
ಬರಲಿಲ್ಲ.
ಪಾದಕ್ಕೆ ನೆಲವೇ ಅಂಟು. ಮೊಣಕಾಲಲ್ಲಿ ಮಾತ್ರ ಸಣ್ಣ ನಡುಕ,
ಕಟ್ಟಿದ ಕರು ಹಗ್ಗ ಜಗ್ಗಿದ ಹಾಗೆ.
ಗೋಡೆಯ ಕ್ಯಾಮೆರಾ ಎಣಿಸುತ್ತಿತ್ತು. ಹನ್ನೆರಡು, ಹದಿಮೂರು, ಹದಿನಾಲ್ಕು.
ಹೆಂಡತಿ ಡೊರೀನ್ ಮುಂದೆ ಬಂದು ಮಾತಿಲ್ಲದೆ
ಕೊಡೆಯನ್ನು ಅವರ ಪಾದದೆದುರು ಅಡ್ಡ ಮಲಗಿಸಿದರು.
ದಾಟಿದರು, ಚರಂಡಿ ಹಾರುವ ಹುಡುಗನಂತೆ.
(ಆ ಕೊಡೆ ಬಿಚ್ಚಿದ್ದನ್ನು ನಾನಿನ್ನೂ ನೋಡಿಲ್ಲ,
ಈ ಊರಿನ ಮಳೆಯಲ್ಲೂ.)

ನಾನು ಹುಡುಕುವುದು ಇದನ್ನೇ:
ಮಾಡಿ ಮಾಡಿ ಮರೆತ ಕೆಲಸಕ್ಕೆ
ತಲೆಯೊಳಗೆ ಎಲ್ಲಿ ವಾಸ.
ಕನ್ನಡದಲ್ಲಿ ಯೋಚಿಸಿದರೆ ಮೈಗೂಡಿತು ಅನ್ನುತ್ತೇವೆ,
ಕೈ ಪಳಗಿತು ಅನ್ನುತ್ತೇವೆ,
ತಲೆಯ ಹೆಸರನ್ನೇ ಎತ್ತುವುದಿಲ್ಲ.
ಅನುದಾನದ ಅರ್ಜಿಯಲ್ಲಿ ಹಾಗೆ ಬರೆಯಲು ಬರುವುದಿಲ್ಲ.
ಸ್ಟ್ರಯೇಟಮ್ ಎಂದು ಬರೆದೆ. ಹಣ ಬಂತು.

ಕೆಳಗಿನ ಮಹಡಿಯಲ್ಲಿ ಇಲಿಗಳಿವೆ.
ಲಿವರ್ ಒತ್ತಿದರೆ ಸಿಹಿ. ಸಾವಿರ ಸಲ ಒತ್ತಿಸಿ,
ಆಮೇಲೆ ಆ ಸಿಹಿಯ ಜೊತೆಗೇ ಹೊಟ್ಟೆ ಕೆಡಿಸಿದೆವು.
ಬಾಯಿಗೆ ಹಿಡಿದರೆ ಮುಖ ತಿರುಗಿಸಿತು ಇಲಿ.
ಮುಂಗಾಲು ಮಾತ್ರ ಒತ್ತುತ್ತಲೇ ಇತ್ತು, ಒತ್ತುತ್ತಲೇ,
ಬೇಕು ಎಂಬುದು ಸತ್ತ ಮೇಲೂ.
ಆ ರಾತ್ರಿ ಬಸ್ಸಿನಲ್ಲಿ ನೋಡುತ್ತೇನೆ, ನನ್ನ ಹೆಬ್ಬೆರಳು
ಫೋನಿನ ಗಾಜನ್ನು ಮೇಲಕ್ಕೆ ತಳ್ಳುತ್ತಿದೆ, ಮೇಲಕ್ಕೆ.
ನಾನು ಏನನ್ನೂ ಓದುತ್ತಿರಲಿಲ್ಲ.

ವಿಲ್ಫ್ ಓಲ್ಡ್‌ರಾಯ್ಡರದು ಇದರ ತಿರುಗುಮುರುಗು.
ಬೇಕು ಇದೆ, ಗಟ್ಟಿಯಾಗಿಯೇ ಇದೆ; ರೂಢಿ ತೀರಿಹೋಯಿತು.
ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ.
ಸುಡಬೇಕಾಗಿಲ್ಲ.
ಮಿದುಳಿನ ಬುಡದಲ್ಲೊಂದು ಕಪ್ಪು ಗೆರೆ
ಮಾಸಿದರೆ ಸಾಕು.
ಈಗ ಅವರು ನಡೆಯುವುದಿಲ್ಲ, ಹೆಜ್ಜೆಗೊಮ್ಮೆ ತೀರ್ಮಾನಿಸುತ್ತಾರೆ.
ಅಂಗಿಯ ಗುಂಡಿಗೊಂದು ತೀರ್ಮಾನ,
ಚಮಚ ಎತ್ತಲು ಒಂದು, ನುಂಗಲು ಇನ್ನೊಂದು.
"ರಾಜನಾಗಿದ್ದೇನೆ," ಅಂದರು, "ಪ್ರತಿಯೊಂದಕ್ಕೂ ನನ್ನ ಅಪ್ಪಣೆ ಬೇಕು."
ಮುಖ ನಗಲಿಲ್ಲ. ಆ ಮುಖ ಈಗ ನಗುವುದಿಲ್ಲ.
ತಡವಾಗಿ ತಿಳಿಯಿತು ನನಗೆ, ಅದು ತಮಾಷೆಯೆಂದು.

ಅವರಿಗೆ ಮೆಟ್ಟಿಲು ಸಲೀಸು, ಟ್ರಾಮಿನ ಹಳಿ ಸಲೀಸು,
ಏರು ದಾರಿಯೂ ಪರವಾಗಿಲ್ಲ.
ಸಪಾಟು ನೆಲವೇ ಶತ್ರು.
ಮರುವಾರ ಮೊಣಕಾಲೂರಿ, ಕಾರಿಡಾರಿನ ಉದ್ದಕ್ಕೂ
ಬಿಳಿ ಟೇಪು ಅಂಟಿಸಿದೆ, ಮೊಳಕ್ಕೊಂದರಂತೆ.
ಬೆನ್ನು ನೋಯುವಾಗ ಹೊಳೆಯಿತು:
ಇದು ಹೊಸ್ತಿಲಿಗೆ ಎಳೆ ಬಿಡುವವರ ಭಂಗಿ.
ನಾನೆಂದೂ ಬಿಟ್ಟವಳಲ್ಲ; ಆ ಸೋಮಾರಿತನಕ್ಕೆ
ಬೈಸಿಕೊಂಡಿದ್ದೂ ಉಂಟು.
ವಿಲ್ಫ್ ಗೆರೆ ಗೆರೆ ತುಳಿದು ಆ ತುದಿ ಮುಟ್ಟಿದರು.
ಅಂಕಿಗಳು ಚೆನ್ನಾಗಿ ಬಂದವು.

ಹೊರಡುವಾಗ ಕ್ಯಾಮೆರಾ ಆರಿಸಿಯಾಗಿತ್ತು.
ಕಾರು ತರಲು ಡೊರೀನ್ ಕೆಳಗಿಳಿದಿದ್ದರು,
ಕೊಡೆಯೂ ಅವರ ಜೊತೆಗೆ.
ಬಾಗಿಲಲ್ಲಿ ಮತ್ತೆ ಅದೇ ಅಂಟು, ಅದೇ ಕರು.
ಟೇಪು ಮುಗಿದಿತ್ತು. ಬೇರೇನೂ ತೋಚದೆ
ನನ್ನ ಪಾದವನ್ನೇ ಅಡ್ಡ ಚಾಚಿದೆ.

ನೋಡಿದರು. ತೂಗಿದರು. ಅಪ್ಪಣೆ ಕೊಟ್ಟರು.
ದಾಟಿದರು.

ಆಗ ನನ್ನ ಬಾಯಿ, ನನ್ನನ್ನು ಕೇಳದೆ,
ಕಾಲು ಚಾಚಿ ಕೂತವರನ್ನು ಯಾರಾದರೂ ದಾಟಿದರೆ
ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದುದನ್ನೇ ಕೂಗಿತು, ಕನ್ನಡದಲ್ಲಿ:
ತಿರುಗಿ ದಾಟು! ತಿರುಗಿ ದಾಟು!

ಏನಂದೆಯಮ್ಮಾ, ಅಂದರು ವಿಲ್ಫ್, ಆಚೆ ನಿಂತು.
ಏನಿಲ್ಲ, ಅಂದೆ.
ಹಳೇ ಚಾಳಿ.